ಎರೆಯ ಹೊಲವೂ ವಚನದ ನುಡಿಯೂ

ನರಗುಂದ ತಾಲೂಕಿನ ಶಿರೋಳವು ಎರೆಯ ನೆಲ. ಬೇಸಿಗೆಯಲ್ಲಿ ಕಾಲು ಸಿಕ್ಕುವಷ್ಟು ಬಿರಿಯುವ ಈ ಕರಿಯ ಮಣ್ಣು, ಮಳೆ ಹಿಡಿದರೆ ಕರಗಿ ಬೆಣ್ಣೆಯಾಗುವುದು. ಹೊಲಕ್ಕೆ ಹೋದವನ ಮೆಟ್ಟಿಗೆ ಅಂಟಿ ಅವನೊಡನೆಯೇ ಮನೆಗೆ ಬರುವುದು. ಅಕ್ಕಮಹಾದೇವಿಯು ಚೆನ್ನಮಲ್ಲಿಕಾರ್ಜುನನ ಅಗಲಿಕೆಯ ಕಳವಳವನ್ನು ಹೇಳುವಲ್ಲಿ ಕರಗುವ ಎರೆಯನ್ನೂ ಜರಿಯುವ ಮಳಲನ್ನೂ ಉಪಮಾನವಾಗಿ ತಂದಿರುವಳು. ಅದಕ್ಕೆ ಪಂಡಿತರು ಟೀಕೆ ಬರೆಯಲಿ, ಬೇಡವೆನ್ನೆವು. ಶಿರೋಳದ ಒಕ್ಕಲಿಗನಿಗಾದರೋ ಒಂದು ಮಳೆಯೇ ಸಾಕು.

ಹಳ್ಳಿಯ ನೆಲವೂ ಅದರ ಪ್ರಾಚೀನವೂ ಲೇಖಕನಿಗೆ ಸ್ಫೂರ್ತಿ ನೀಡುವುವೆಂದು ಎಲ್ಲರೂ ಹೇಳುವರು. ಯಾವ ಬಗೆಯಲ್ಲಿ ಎಂಬುದೇ ವಿಚಾರಾರ್ಹವಾದುದು. ನೆರೆಯ ರೋಣ ತಾಲೂಕಿನ ಸವಡಿಯನ್ನು ನೋಡಿರಿ. ಅದೇ ಹಿಂದಿನ ಸಯ್ಯಡಿ, ಕಿಸುಕಾಡುನಾಡಿನ ಅಗ್ರಹಾರ. ಚಾಲುಕ್ಯ ಜಯಸಿಂಹ ಜಗದೇಕಮಲ್ಲನ ಸಂಧಿವಿಗ್ರಹಿಯಾಗಿದ್ದ ದುರ್ಗಸಿಂಹನು 1031ರಲ್ಲಿ ಪಂಚತಂತ್ರವನ್ನು ಕನ್ನಡದ ಚಂಪುವಾಗಿ ರಚಿಸಿದಾಗ ಈ ತನ್ನೂರನ್ನು ಅಭಿಮಾನದಿಂದ ಕೊಂಡಾಡಿದನು. ಚೆಲುವಾದ ವರ್ಣನೆಯೇನೋ ಹೌದು. ಆದರೆ ಅದು ಅರಮನೆಯ ಅಂಗಳದಿಂದ ಹಿಂತಿರುಗಿ ನೋಡಿದ ಊರು.

ಮುಂದಿನ ಶತಮಾನದ ಶರಣರು ಊರನ್ನು ವರ್ಣಿಸುವ ಗೋಜಿಗೆ ಹೋಗಲಿಲ್ಲ. ಊರಿನ ದುಡಿಮೆಯನ್ನೇ ಅನುಭಾವದ ಭಾಷೆಯನ್ನಾಗಿ ಮಾಡಿಕೊಂಡರು. ಕಾಮಭೀಮ ಜೀವಧನದೊಡೆಯ ಎಂಬ ಅಂಕಿತದ ಒಕ್ಕಲಿಗ ಮುದ್ದಣ್ಣನಿಗೆ ಬೇಸಾಯವೇ ಕಾಯಕ. ಅಲ್ಲಮಪ್ರಭುವು ತೋಟಗಾರ ಗೊಗ್ಗಯ್ಯನನ್ನು ಕಂಡಾಗ ವೇದಾಂತದ ಪರಿಭಾಷೆಯನ್ನು ತೆಗೆಯದೆ, ತೋಟ, ಗುದ್ದಲಿ, ಬೇರು ಎಂಬ ಮಾತುಗಳಿಂದಲೇ ತತ್ವವನ್ನು ಬೋಧಿಸಿದನು. ಆದುದರಿಂದ ವಚನಗಳಿಗೆ ಮೊದಲ ನಿಘಂಟು ಹೊಲವೇ. ದಾಸೋಹವೆಂಬ ಶಬ್ದಕ್ಕೂ ಹಾಗೆಯೇ: ಶಿರೋಳದ ತೋಂಟದಾರ್ಯ ಮಠದ ರೊಟ್ಟಿ ಜಾತ್ರೆಯಲ್ಲಿ ಮನೆಮನೆಯ ಜೋಳದ ರೊಟ್ಟಿ ಒಂದೆಡೆ ಕೂಡಿ, ಎಲ್ಲ ಜಾತಿಯವರೂ ಉಣ್ಣುವುದನ್ನು ಕಂಡವರು ಅದರ ಅರ್ಥಕ್ಕಾಗಿ ಗ್ರಂಥ ಬಿಚ್ಚಬೇಕಾಗಿಲ್ಲ.

ಆ ನಿಘಂಟಿನ ಪುಟಗಳು ಇಂದು ಉದುರುತ್ತಿರುವುವು. ಮಲಪ್ರಭೆಯ ಕಾಲುವೆ ಬಂದುದು, ಟ್ರ್ಯಾಕ್ಟರು ಬಂದುದು ಒಳ್ಳೆಯದೇ. ಎತ್ತಿನ ಬೆನ್ನೂ ಆಳಿನ ಬೆನ್ನೂ ಹಗುರಾದುವು. ಆದರೆ ಕಣದ ನಡುವೆ ಮೇಟಿ ನೆಟ್ಟು ಹಂತಿ ಕಟ್ಟುವುದು ನಿಂತಿತು, ಇರುಳೆಲ್ಲ ಶರಣರ ಕಥೆಗಳನ್ನು ಹಾಡುತ್ತಿದ್ದ ಹಂತಿಯ ಪದಗಳೂ ಅದರೊಡನೆ ನಿಂತುವು. ಕೂರಿಗೆ, ಕುಂಟೆ, ಮೇಟಿ ಎಂಬ ನುಡಿಗಳು ಮಕ್ಕಳ ಕಿವಿಗೆ ಹೊಸವಾದುವು. ಒಕ್ಕಲುತನದ ನುಡಿ ಹೋದ ಮನೆಯಲ್ಲಿ ವಚನವು ಬರಿಯ ಕಂಠಪಾಠವಾಗುವುದು. ಅಂಥ ಮನೆಯಲ್ಲಿ ನಾಳೆಯ ಲೇಖಕನಾದರೂ ಹೇಗೆ ಹುಟ್ಟಿಯಾನು?

ಸಂಜೆ ಲಿಂಗಪೂಜೆಯ ತರುವಾಯ ಮಕ್ಕಳಿಂದ ಒಂದು ವಚನವನ್ನು ಓದಿಸಿರಿ. ಅದರಲ್ಲಿ ಹೊಲದ ಮಾತು ಬಂದರೆ ಅರ್ಥವನ್ನು ನೀವು ಹೇಳಬೇಡಿರಿ. “ಮುತ್ಯಾ, ಇದು ಏನು?” ಎಂದು ಅವರೇ ಹಿರಿಯರನ್ನು ಕೇಳಲಿ. ಅಟ್ಟದ ಮೇಲೆ ಹಳೆಯ ಕೂರಿಗೆ ಉಳಿದಿದ್ದರೆ ಕೆಳಗಿಳಿಸಿ, ಮುಟ್ಟಿ ನೋಡಲು ಬಿಡಿರಿ.