ಸೋನೋಗ್ರಫಿಗೆ ಎಷ್ಟ್ರಿ?

ಸಂಕೇಶ್ವರದ ಕಡೆ ಸೋನೋಗ್ರಫಿ ಅಂದರೂ ಸ್ಕ್ಯಾನಿಂಗ್ ಅಂದರೂ ಒಂದೇ. ದರದ ಮಾತು ಬಂದಾಗ ಮಾತ್ರ ಅದು ಹಲವು. ಡಾಕ್ಟರ ಚೀಟಿಯಲ್ಲಿ ‘ಯುಎಸ್‌ಜಿ ಅಬ್ಡಾಮೆನ್’ ಅಂತಿದ್ದರೆ ಒಂದು ದರ, ಜೊತೆಗೆ ‘ಡಾಪ್ಲರ್’ ಅಂತಿದ್ದರೆ ಇನ್ನೊಂದು. ಚೀಟಿ ಓದದೆ ‘ಹೊಟ್ಟಿ ಸ್ಕ್ಯಾನಿಂಗ್‌ಗೆ ಎಷ್ಟ್ರಿ?’ ಎಂದು ನಾಲ್ಕು ಕಡೆ ಕೇಳಿದರೆ ನಾಲ್ಕು ಬೇರೆ ಪರೀಕ್ಷೆಗಳ ದರ ಕೇಳಿದಂತಾದೀತು. ಚೀಟಿಯಲ್ಲಿದ್ದದ್ದನ್ನೇ ಫೋನಿನಲ್ಲಿ ಓದಿ ಹೇಳಿ, ‘ರಿಪೋರ್ಟ್, ಫಿಲ್ಮ್ ಎಲ್ಲಾ ಸೇರಿ ಎಷ್ಟ್ರಿ?’ ಎಂದು ಸಂಕೇಶ್ವರ, ಹುಕ್ಕೇರಿ, ಗೋಕಾಕ, ಬೇಕಾದರೆ ಗಡಿಯಾಚೆಯ ಗಡಹಿಂಗ್ಲಜದಲ್ಲೂ ಕೇಳಬೇಕು. ವಿಮೆ ಇದ್ದವರಿಗೂ ಈ ಮಾತು ಸಲ್ಲುತ್ತದೆ. ಹೆಚ್ಚಿನ ಪಾಲಿಸಿಗಳು ಆಸ್ಪತ್ರೆಗೆ ದಾಖಲಾದವರ ಖರ್ಚು ಕೊಡುತ್ತವೆ. ಹೊರರೋಗಿಯ ಸ್ಕ್ಯಾನಿಂಗ್ ಕಿಸೆಯಿಂದಲೇ ಹೋಗುತ್ತದೆ. ರಸೀದಿ ಮಾತ್ರ ಬಿಡಬೇಡಿ. ಮುಂದೆ ಅದೇ ಕಾಯಿಲೆಗೆ ದಾಖಲಾಗಬೇಕಾಗಿ ಬಂದರೆ, ಆರೋಗ್ಯ ಸಂಜೀವನಿಯಂಥ ಪಾಲಿಸಿಯಲ್ಲಿ ಹಿಂದಿನ 30 ದಿನಗಳ ಪರೀಕ್ಷೆಯ ಖರ್ಚನ್ನೂ ಕೇಳಿ ಪಡೆಯಬಹುದು.

ಆಸ್ಪತ್ರೆಯಲ್ಲಿ ಚೌಕಾಸಿ ಮಾಡುವುದು ಚೆಂದವಲ್ಲ ಎಂಬ ಅಳುಕು ನಮ್ಮಲ್ಲಿದೆ. ದರ ಕೇಳುವುದು ಚೌಕಾಸಿಯಲ್ಲ, ಹಕ್ಕು. ಖಾಸಗಿ ಆಸ್ಪತ್ರೆಗಳು ತಮ್ಮ ದರಪಟ್ಟಿಯನ್ನು ನೋಟಿಸ್ ಬೋರ್ಡಿನಲ್ಲಿ ಹಾಕಬೇಕೆಂದು ಕರ್ನಾಟಕದ ಕಾಯ್ದೆ 2007ರಲ್ಲೇ ಹೇಳಿದೆ. ಆಸ್ಪತ್ರೆಗಳು ನಗದು ದರ ಪ್ರಕಟಿಸಬೇಕೆಂಬ ನಿಯಮ ಅಮೆರಿಕದಲ್ಲಿ ಜಾರಿಯಾದದ್ದು 2021ರ ಜನವರಿಯಲ್ಲಿ. ‘ಡಾಕ್ಟರು ಹೇಳಿದ ಸೆಂಟರ್ ಬಿಟ್ಟರೆ ಅವರು ಬೇಜಾರು ಮಾಡಿಕೊಳ್ಳುತ್ತಾರೆ’ ಎನ್ನುವವರಿದ್ದಾರೆ. 2017ರ ಕೊನೆಯಲ್ಲಿ ಆದಾಯ ತೆರಿಗೆ ಇಲಾಖೆ ಬೆಂಗಳೂರಿನ ಡಯಾಗ್ನೋಸ್ಟಿಕ್ ಸೆಂಟರ್‌ಗಳನ್ನು ಶೋಧಿಸಿದಾಗ, ರೋಗಿಯನ್ನು ಕಳಿಸಿದ ವೈದ್ಯರಿಗೆ ಎಂಆರ್‌ಐಗೆ ಶೇ 35, ಸಿಟಿ ಸ್ಕ್ಯಾನ್‌ಗೆ ಶೇ 20ರಷ್ಟು ಕಮಿಷನ್ ಸಂದಾಯವಾಗುತ್ತಿದ್ದುದು ಬಯಲಾಯಿತು. ವೈದ್ಯಕೀಯ ನೀತಿಸಂಹಿತೆ 2002ರಿಂದಲೇ ಇದನ್ನು ನಿಷೇಧಿಸಿದೆ. ಎಲ್ಲ ಡಾಕ್ಟರೂ ಹಾಗಲ್ಲ. ಇಂಥವರ ಕಡೆಯೇ ಹೋಗಿ ಎನ್ನುವುದಕ್ಕೆ ಒಳ್ಳೆಯ ಕಾರಣವೂ ಇರಬಹುದು. ಆ ಕಾರಣವನ್ನು ಕೇಳಿ ತಿಳಿದುಕೊಳ್ಳಿ.

ಅಗ್ಗದ್ದು ಕಳಪೆಯಾದರೆ? ಈ ಆಕ್ಷೇಪಕ್ಕೆ ತೂಕವಿದೆ. ಸೋನೋಗ್ರಫಿಯಲ್ಲಿ ಯಂತ್ರಕ್ಕಿಂತ ಪ್ರೋಬ್ ಹಿಡಿದ ಕೈ, ಪರದೆ ನೋಡುವ ಕಣ್ಣು ಮುಖ್ಯ. ಆದ್ದರಿಂದ ದರದ ಜೊತೆಗೇ ‘ಯಾರು ನೋಡ್ತಾರ್ರಿ, ರೇಡಿಯಾಲಜಿಸ್ಟ್ ಎಷ್ಟೊತ್ತಿಗೆ ಬರ್ತಾರ್ರಿ?’ ಎಂದೂ ಕೇಳಬೇಕು. ಹೊಟ್ಟೆನೋವು ತಡೆಯಲಾಗದೆ ಒದ್ದಾಡುವವರನ್ನು ಕೂರಿಸಿಕೊಂಡು ಫೋನು ಮಾಡುತ್ತಿರಬಾರದು. ಹತ್ತಿರದ ಆಸ್ಪತ್ರೆಯೇ ಸರಿ. ಗರ್ಭಿಣಿಯರು ಮೊದಲು ಸರಕಾರಿ ಆಸ್ಪತ್ರೆಯಲ್ಲಿ ವಿಚಾರಿಸುವುದು ಒಳಿತು. 2016ರಿಂದ ಪ್ರತಿ ತಿಂಗಳ 9ರಂದು ಅವರಿಗೆ ಉಚಿತ ತಪಾಸಣೆಯ ಯೋಜನೆಯಿದೆ. ಉಳಿದವರು ಕೈಗೆ ಬಂದ ದರಗಳಿಗೆ ಬಸ್ ಚಾರ್ಜನ್ನೂ ಜೊತೆಗೆ ಬರುವವರ ಒಂದು ದಿನದ ಪಗಾರವನ್ನೂ ಕೂಡಿಸಿ ನೋಡಲಿ. ಗೋಕಾಕದಲ್ಲಿ ಇನ್ನೂರು ರೂಪಾಯಿ ಉಳಿಯಿತೆಂದು ಖಾಲಿ ಹೊಟ್ಟೆಯಲ್ಲಿ, ಒಂದು ಬಾಟ್ಲಿ ನೀರು ಕುಡಿದು ಉಚ್ಚೆ ತಡೆದುಕೊಂಡು ಹೋಗಿ ಕೂತಾಗ ‘ಡಾಕ್ಟರ್ ಇವತ್ತ ಬರೂದಿಲ್ರಿ’ ಅಂದರೆ, ಆ ಇನ್ನೂರರ ಜೊತೆ ದಿನದ ದುಡಿಮೆಯೂ ಹೋಯಿತು.