ಉಕ್ಕಿಗೆ ಹೊಗೆಯ ಟೆಸ್ಟ್. ನಮ್ಮ ಹಾಲಿಗೆ ಏನು?

ಹಾಲು ಉತ್ಪಾದಕ ಸಹೋದರಿಯರೆ,

ಸಂಘದಲ್ಲಿ ನಿಮ್ಮ ಹಾಲಿಗೆ ಬರೀ ಲೀಟರ್ ಲೆಕ್ಕದಲ್ಲಿ ದರ ಸಿಗುವುದಿಲ್ಲ. ಫ್ಯಾಟ್, ಎಸ್‌ಎನ್‌ಎಫ್ ನೋಡಿ ದರ ನಿಗದಿಯಾಗುತ್ತದೆ. ಯುರೋಪ್ ಒಕ್ಕೂಟದ ದೇಶಗಳು ಹೊರಗಿನಿಂದ ಬರುವ ಉಕ್ಕಿಗೂ ಈಗ ಒಂದು ಟೆಸ್ಟ್ ಇಟ್ಟಿವೆ. ಅದನ್ನು ತಯಾರಿಸುವಾಗ ಭೂಮಿಯನ್ನು ಬಿಸಿ ಮಾಡುವ ಅನಿಲ ಎಷ್ಟು ಹೊರಬಂತು ಎಂಬುದೇ ಆ ಟೆಸ್ಟ್.

ಇದರ ಹೆಸರು ಗಡಿ ಇಂಗಾಲ ಶುಲ್ಕ. 2023ರ ಅಕ್ಟೋಬರ್ 1ರಿಂದ ಲೆಕ್ಕ ಒಪ್ಪಿಸುವುದು ಶುರುವಾಯಿತು. 2026ರ ಜನವರಿ 1ರಿಂದ ತರಿಸಿದ ಮಾಲಿಗೆ ಹಣವನ್ನೂ ಕಟ್ಟಬೇಕು. ಉಕ್ಕು, ಅಲ್ಯೂಮಿನಿಯಂ, ಸಿಮೆಂಟ್, ರಸಗೊಬ್ಬರ, ವಿದ್ಯುತ್, ಹೈಡ್ರೋಜನ್ ಇದರ ಪಟ್ಟಿಯಲ್ಲಿವೆ. ನಮ್ಮ ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನಲ್ಲಿ ಕಲ್ಲಿದ್ದಲು ಬಳಸಿ ತಯಾರಿಸಿದ ಉಕ್ಕು ಯುರೋಪಿಗೆ ಹೋದರೆ, ಅಲ್ಲಿ ತರಿಸಿಕೊಂಡವರು ಶುಲ್ಕ ಕಟ್ಟಬೇಕು. ಅನಿಲ ಕಡಿಮೆಯಿದ್ದರೆ ಶುಲ್ಕವೂ ಕಡಿಮೆ. ಇಂಗಾಲದ ಬೆಲೆಯನ್ನು ತಯಾರಿಸಿದ ದೇಶದಲ್ಲೇ ಕಟ್ಟಿದ್ದರೆ ಅದನ್ನು ಕಳೆಯುತ್ತಾರೆ. ಹೀಗೆ ವ್ಯಾಪಾರದ ಮೂಲಕ ಬೇರೆ ದೇಶಗಳೂ ಅನಿಲ ತಗ್ಗಿಸುವಂತೆ ಮಾಡುವುದು ಅವರ ಉದ್ದೇಶ. ನೂರಾರು ವರ್ಷ ಕಲ್ಲಿದ್ದಲು ಸುಟ್ಟು ಶ್ರೀಮಂತರಾದವರು ಈಗ ನಮಗೆ ಶುಲ್ಕ ಹಾಕುವುದು ನ್ಯಾಯವೇ ಎಂಬ ಪ್ರಶ್ನೆಯೂ ಇದೆ. ಭಾರತ ಇದಕ್ಕೆ ಆಕ್ಷೇಪ ಎತ್ತಿದೆ.

ಹಾಲು ಈ ಪಟ್ಟಿಯಲ್ಲಿಲ್ಲ. ಇದರ ಹೆಸರಿನಲ್ಲಿ ನಿಮ್ಮ ಬಿಲ್ಲಿನಲ್ಲಿ ಕಡಿತವಾಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಆದರೆ ದನಗಳ ಲೆಕ್ಕವೂ ಜಗತ್ತಿನಲ್ಲಿ ಶುರುವಾಗಿದೆ. ಡೆನ್ಮಾರ್ಕ್ ದೇಶ ತನ್ನ ರೈತರ ಜಾನುವಾರುಗಳ ಅನಿಲಕ್ಕೆ 2030ರಿಂದ ತೆರಿಗೆ ಹಾಕಲು ತೀರ್ಮಾನಿಸಿದೆ.

ಹಸು, ಎಮ್ಮೆ ಮೆಲುಕು ಹಾಕುವಾಗ ತೇಗಿನಲ್ಲಿ ಮೀಥೇನ್ ಅನಿಲ ಹೊರಬರುತ್ತದೆ. ತಿಂದ ಮೇವಿನ ಶಕ್ತಿಯಲ್ಲಿ ಸುಮಾರು ಶೇ. 6ರಷ್ಟು ಹೀಗೇ ಗಾಳಿಗೆ ಹೋಗುತ್ತದೆ. ಅದು ನೀವು ದುಡ್ಡು ಕೊಟ್ಟು ತಂದ ಮೇವು! ದಿನಕ್ಕೆ 4 ಲೀಟರ್ ಕೊಡುವ ಹಸುವೂ ತೇಗುತ್ತದೆ, 10 ಲೀಟರ್ ಕೊಡುವ ಹಸುವೂ ತೇಗುತ್ತದೆ. ಹೆಚ್ಚು ಹಾಲಿನ ಹಸುವಿನಲ್ಲಿ ಪ್ರತಿ ಲೀಟರಿಗೆ ಬೀಳುವ ಅನಿಲ ಕಡಿಮೆ. ಗಬ್ಬವೂ ಇಲ್ಲದೆ, ಹಾಲೂ ಇಲ್ಲದೆ ನಿಂತ ದನದ ತೇಗು ಪೂರ್ತಿ ನಷ್ಟ. ಆದ್ದರಿಂದ ಅನಿಲ ತಗ್ಗಿಸುವ ದಾರಿಯೂ ನಿಮ್ಮ ಲಾಭದ ದಾರಿಯೂ ಒಂದೇ:

1. ಸವದತ್ತಿ, ರಾಮದುರ್ಗದ ಜೋಳದ ಕಣಿಕೆ ಇರಲಿ, ಕಿತ್ತೂರು ಕಡೆಯ ಭತ್ತದ ಹುಲ್ಲಿರಲಿ, ಕತ್ತರಿಸಿ ಹಾಕಿ. ಜೊತೆಗೆ ಅಲಸಂದಿ, ಕುದುರೆ ಮಸಾಲೆಯಂಥ ದ್ವಿದಳ ಹಸಿ ಮೇವು ಸೇರಿಸಿ.

2. ಬೈಲಹೊಂಗಲ ಭಾಗದಲ್ಲಿ ಕಬ್ಬಿನ ವಾಡೆಯನ್ನೇ ನೆಚ್ಚಬೇಡಿ. ಅದು ದೇಹದ ಕ್ಯಾಲ್ಸಿಯಂ ಕಡಿಮೆ ಮಾಡುತ್ತದೆ. ದಿನಕ್ಕೆ 50 ಗ್ರಾಂ ಖನಿಜ ಮಿಶ್ರಣ ಕೊಡಿ.

3. ಕರು ಹಾಕಿದ 60 ದಿನಗಳ ನಂತರ ಬೆದೆ ಗಮನಿಸಿ, 90 ದಿನಗಳೊಳಗೆ ಕೃತಕ ಗರ್ಭಧಾರಣೆ ಮಾಡಿಸಿ. ಮಾಡಿಸಿದ 3 ತಿಂಗಳಿಗೆ ಗಬ್ಬದ ಪರೀಕ್ಷೆ ಮಾಡಿಸಿ.

4. ಸಗಣಿಯನ್ನು ಗೋಬರ್ ಗ್ಯಾಸಿಗೆ ಹಾಕಿ. ಅದರ ಮೀಥೇನ್ ನಿಮ್ಮ ಒಲೆಯಲ್ಲಿ ಉರಿಯಲಿ.

ಈ ವಾರ ನಿಮ್ಮ ಕೊಟ್ಟಿಗೆಯಲ್ಲಿ ಒಂದು ಲೆಕ್ಕ ಮಾಡಿ: ಕರು ಹಾಕಿ 4 ತಿಂಗಳಾದರೂ ಗಬ್ಬ ಕಟ್ಟದ ದನ ಎಷ್ಟು? ಒಂದಿದ್ದರೂ ಸಂಘದಲ್ಲಿ ಹೆಸರು ಬರೆಸಿ, ನಾವು ಬಂದು ನೋಡುತ್ತೇವೆ.

– ಪಶುವೈದ್ಯಾಧಿಕಾರಿ