ಕಾನೂನು ತೆರೆದರೂ ಮನಸ್ಸು ತೆರೆಯಲಿಲ್ಲ



ಸರಕಾರವು ಧರ್ಮಾಚರಣೆಗೆ ಅಡ್ಡಿಪಡಿಸಬಾರದೆಂಬ ತಿದ್ದುಪಡಿ 1791ರಲ್ಲಿ ಅಮೆರಿಕದ ಸಂವಿಧಾನಕ್ಕೆ ಸೇರಿತು. ಆದರೆ ಕಾನೂನು ಬದಲಾದಷ್ಟು ಬೇಗ ಜನರ ಮನಸ್ಸು ಬದಲಾಗಲಿಲ್ಲ. ಸಂತ ಎಲಿಜಬೆತ್ ಆನ್ ಸೀಟನ್ ಅವರ ಬಾಳೇ ಇದಕ್ಕೆ ಸಾಕ್ಷಿ.

ನ್ಯೂಯಾರ್ಕಿನ ಪ್ರತಿಷ್ಠಿತ ಪ್ರೊಟೆಸ್ಟೆಂಟ್ ಮನೆತನದ ಈಕೆ 1803ರಲ್ಲಿ ಇಟಲಿಯಲ್ಲಿ ಪತಿಯನ್ನು ಕಳೆದುಕೊಂಡರು. ಅಲ್ಲಿ ಆಸರೆ ನೀಡಿದ ಕಥೋಲಿಕ ಕುಟುಂಬಕ್ಕೆ ಪರಮಪ್ರಸಾದದಲ್ಲಿದ್ದ ವಿಶ್ವಾಸ ಅವರನ್ನು ಸೆಳೆಯಿತು. 1805ರಲ್ಲಿ ಅವರು ಕಥೋಲಿಕ ಧರ್ಮಸಭೆಯನ್ನು ಸೇರಿದಾಗ ಬಂಧುಮಿತ್ರರಲ್ಲಿ ಹಲವರು ದೂರವಾದರು. ಐದು ಮಕ್ಕಳ ತಾಯಿ ಜೀವನೋಪಾಯಕ್ಕೆ ಪರದಾಡಿದರು. ಮರುವರ್ಷ, ಕಥೋಲಿಕರು ಶಾಸನಸಭೆಗೆ ಬರಲು ತಡೆಯಾಗಿದ್ದ ಪ್ರಮಾಣವಚನವನ್ನು ನ್ಯೂಯಾರ್ಕ್ ರಾಜ್ಯ ಕೈಬಿಟ್ಟಿತು. ಅದೇ ವರ್ಷದ ಕ್ರಿಸ್ಮಸ್ ಸಮಯದಲ್ಲಿ ಅವರ ದೇವಾಲಯದ ಬಳಿ ಗಲಭೆಯೂ ನಡೆಯಿತು!

ಎಲಿಜಬೆತ್ ಕಹಿಯಾಗಲಿಲ್ಲ. 1809ರಲ್ಲಿ ಮೇರಿಲ್ಯಾಂಡಿನ ಎಮ್ಮಿಟ್ಸ್‌ಬರ್ಗ್‌ನಲ್ಲಿ ಧಾರ್ಮಿಕ ಭಗಿನಿಯರ ಸಂಸ್ಥೆ ಕಟ್ಟಿದರು. 1810ರಲ್ಲಿ ಬಡ ಹೆಣ್ಣುಮಕ್ಕಳಿಗೆ ಉಚಿತ ಶಾಲೆ ತೆರೆದರು. 1975ರಲ್ಲಿ ಪೋಪ್ ಆರನೇ ಪೌಲರು ಅವರನ್ನು ಸಂತರೆಂದು ಘೋಷಿಸಿದರು. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಹುಟ್ಟಿದವರಲ್ಲಿ ಈ ಗೌರವ ಪಡೆದ ಮೊದಲಿಗರು ಅವರೇ.

ಸ್ವಾತಂತ್ರ್ಯವನ್ನು ಸಂವಿಧಾನ ಕೊಡಬಹುದು. ಪ್ರೀತಿಯನ್ನು ಮನೆಯವರೇ ಕೊಡಬೇಕು. ಮನಸ್ಸಾಕ್ಷಿಯ ಕರೆಗೆ ಓಗೊಟ್ಟರೆಂಬ ಕಾರಣಕ್ಕೆ ನಾವು ಮಾತು ಬಿಟ್ಟಿರುವ ಬಂಧುಗಳು ಇದ್ದಾರೆಯೇ? ಈ ಭಾನುವಾರ ಬಲಿಪೂಜೆಗೆ ಬರುವ ಮುನ್ನ ಅವರನ್ನೊಮ್ಮೆ ಮಾತನಾಡಿಸೋಣ.